ಲೆಫ್ಟ್ ಅಂದರೆ ಕೈಲಾಗದ್ದು

ನನ್ನ ಎಡಗೈಯನ್ನು ಬೈಯಲು ಈ ಊರಿನಲ್ಲಿ ಮೂರು ಭಾಷೆಗಳು ಧಾರಾಳವಾಗಿ ಸಾಕಾಗಿದ್ದವು. ನಾಲ್ಕನೆಯದನ್ನು ನಮ್ಮವರು ತಂದರು.

ನಾನು ಹುಟ್ಟಾ ಎಡಚಿ. ಕ್ಯಾಸಂಬಳ್ಳಿಯ ತವರಿನಲ್ಲಿ ಅದು ಸುದ್ದಿಯೇ ಆಗಿರಲಿಲ್ಲ. ನಮ್ಮ ಹಟ್ಟಿಯ ಹಸುಗಳು ಯಾವ ಕೈಯಲ್ಲಿ ಹುಲ್ಲು ಹಾಕಿದರೂ ತಿನ್ನುತ್ತಿದ್ದವು. ಮದುವೆಯಾಗಿ ಕೆಜಿಎಫ್‌ನ ಆಂಡರ್ಸನ್‌ಪೇಟೆಗೆ ಬಂದ ಮೇಲೆಯೇ ನನ್ನ ಕೈಗೆ ನಾಮಕರಣ ಶುರುವಾಗಿದ್ದು. ಅತ್ತೆ ಕೆಂಪಮ್ಮನವರಿಗೆ ಸಿಟ್ಟು ಕಡಿಮೆ ಇದ್ದರೆ ಕನ್ನಡದಲ್ಲಿ 'ಎಡಚಿ', ಜಾಸ್ತಿ ಇದ್ದರೆ ತೆಲುಗಿನಲ್ಲಿ 'ಪುರ್ರಚೆಯ್ಯಿ'. ಪಕ್ಕದ ಮನೆಯ ಅಮ್ಮಾಜಮ್ಮ ಹುಟ್ಟಿ ಬೆಳೆದಿದ್ದು ತಮಿಳರೇ ತುಂಬಿದ ಗಣಿ ಕಾಲೋನಿ ಚಾಂಪಿಯನ್ ರೀಫ್ಸ್‌ನಲ್ಲಿ, ಆದ್ದರಿಂದ ಆಕೆ ಪ್ರೀತಿಯಿಂದ ತಮಿಳಿನಲ್ಲಿ 'ಪೀಚಾಂಕೈ' ಅನ್ನುತ್ತಾರೆ. (ಅದರ ಅರ್ಥವನ್ನು ಊಟಕ್ಕೆ ಮುಂಚೆ ಕೇಳಬಾರದು. ಊಟದ ನಂತರವೂ ಕೇಳಬಾರದು.)

ಇಷ್ಟರಲ್ಲೇ ನಾನು ಸುಖವಾಗಿದ್ದೆ. ಆಗ ನಮ್ಮವರಿಗೆ ಇಂಗ್ಲಿಷ್ ಹಿಡಿಯಿತು.

ನಮ್ಮವರು ಅಂದರೆ ವೇಣುಗೋಪಾಲ್, ಕಾರ್ಖಾನೆಯಲ್ಲಿ ನೌಕರಿ. ಬಡ್ತಿಗೆ ಇಂಗ್ಲಿಷಿನಲ್ಲಿ ಸಂದರ್ಶನ ಇರುತ್ತದೆಂದು ಯಾರೋ ಹೇಳಿದರು ಅಂತ ದಿನಕ್ಕೊಂದು ಪದದಂತೆ ಫೋನಿನಲ್ಲಿ ಓದತೊಡಗಿದರು. ಪದ ಓದಿದರೆ ಸಾಲದು, ಅದರ ಬೇರು ಬೇಕು. ಯಾವ ಪದ ಯಾವ ದೇಶದಿಂದ ಬಂತು, ಹಳೇ ಕಾಲದಲ್ಲಿ ಏನರ್ಥ ಇತ್ತು, ಅದರ ದೊಡ್ಡಪ್ಪ ಚಿಕ್ಕಪ್ಪ ಯಾರು. ಬಡ್ತಿ ಇನ್ನೊಬ್ಬರಿಗೆ ಹೋಯಿತು, ಬೇರು ಮಾತ್ರ ನಮ್ಮ ಮನೆಯಲ್ಲಿ ಉಳಿಯಿತು. ಸಂಜೆ ಬಂದವರೇ ಅಡುಗೆಮನೆಯ ಬಾಗಿಲಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಸರಿಯಾಗಿ ಹೊಸ್ತಿಲಿನ ಆಚೆ ಕೂರುತ್ತಾರೆ. ಒಳಗೆ ಬಂದರೆ ನಾನು ಕೆಲಸ ಹೇಳುತ್ತೇನೆ. ದೂರ ಹೋದರೆ ಅವರ ಪದವನ್ನು ಕೇಳುವವರಿಲ್ಲ. ಇಷ್ಟು ಲೆಕ್ಕಾಚಾರದ ಜಾಗ ಸರ್ವೆಯವರು ಬಂದರೂ ಗುರುತು ಹಾಕಲಾರರು.

ಆ ಸಂಜೆ ನಾನು ಬೀನ್ಸ್ ಹೆಚ್ಚುತ್ತಿದ್ದೆ.

"ಶಶಿ, ಲೆಫ್ಟ್ ಅನ್ನೋ ಪದ ಎಲ್ಲಿಂದ ಬಂತು ಗೊತ್ತಾ?"

"ಎಲ್ಲಿಂದಾದರೂ ಬರಲಿ. ನೀವು ಬರೋವಾಗ ಕೊತ್ತಂಬರಿ ತನ್ನಿ ಅಂದಿದ್ದೆ, ತಂದ್ರಾ?"

"ಹಳೇ ಇಂಗ್ಲಿಷಲ್ಲಿ 'ಲಿಫ್ಟ್' ಅಂತಿತ್ತಂತೆ. ಅದರರ್ಥ ದುರ್ಬಲ. ಕೈಲಾಗದ್ದು. ಕೆಲಸಕ್ಕೆ ಬಾರದ್ದು. ಎಡಗೈ ಸಾಮಾನ್ಯವಾಗಿ ಕೈಲಾಗದ್ದಲ್ವಾ, ಅದಕ್ಕೇ ಎಡಕ್ಕೆ ಲೆಫ್ಟ್ ಅಂತ ಹೆಸರು ಬಿತ್ತು."

ನನ್ನ ಎಡಗೈ ಚಾಕು ಹಿಡಿದು ಅರ್ಧ ಕೆಜಿ ಬೀನ್ಸನ್ನು ಒಂದೇ ಅಳತೆಗೆ ಉದುರಿಸಿ ಮುಗಿಸಿತ್ತು. ಅದಕ್ಕೆ ಇಂಗ್ಲಿಷ್ ಬರದಿದ್ದದ್ದು ಒಳ್ಳೆಯದಾಯಿತು.

"ಲ್ಯಾಟಿನ್ನಲ್ಲಿ ಇನ್ನೂ ಮಜಾ ಇದೆ. ಅಲ್ಲಿ ಎಡಕ್ಕೆ 'ಸಿನಿಸ್ಟರ್' ಅಂತಾರೆ. ಅದೇ ಪದ ಈಗ ಇಂಗ್ಲಿಷಲ್ಲಿ ಕೇಡು ಬಗೆಯೋದು ಅಂತಾಗಿದೆ. ರೈಟ್ ನೋಡು, ನೆಟ್ಟಗಿರೋದು ಅಂತ. ಅದರಿಂದಲೇ ಸರಿ, ನ್ಯಾಯ, ಹಕ್ಕು, ಎಲ್ಲಾ."

ಅದೊಂದು ನಿಜ ಅನ್ನಿಸಿತು. ಬಂಗಾರಪೇಟೆ ಬಸ್ಸಿನ ಕಂಡಕ್ಟರ್ ಕೂಡ 'ರೈಟ್ ರೈಟ್' ಅಂದರೇ ಬಸ್ಸು ಹೊರಡುತ್ತದೆ. ಲೆಫ್ಟ್ ಅಂದಿದ್ದರೆ ನಾವೆಲ್ಲ ಇನ್ನೂ ಸ್ಟ್ಯಾಂಡಿನಲ್ಲೇ ಇರುತ್ತಿದ್ದೆವು.

"ನಮ್ಮ ಭಾಷೆಯಲ್ಲೂ ಅಷ್ಟೇ," ನಮ್ಮವರು ಬಿಡಲಿಲ್ಲ. "ಬಲ ಅಂದ್ರೇನೇ ಶಕ್ತಿ. ಎಡ ಅಂದ್ರೆ ಎಡವೋದು, ಎಡವಟ್ಟು, ಎಡಬಿಡಂಗಿ."

"ಮದುವೆ ಮಂಟಪದಲ್ಲಿ ನನ್ನನ್ನ ಯಾವ ಕಡೆ ಕೂರಿಸಿದ್ರು?"

"ಎಡಕ್ಕೆ. ಅದು ಸಂಪ್ರದಾಯ."

"ಯಾಕೆ ಅಂತ ಅದರ ಬೇರನ್ನ ಯಾವತ್ತಾದ್ರೂ ಹುಡುಕಿದ್ದೀರಾ?"

ಅವರು ಫೋನಿನತ್ತ ಬಗ್ಗಿದರು. ನನ್ನ ಪ್ರಶ್ನೆಗಳು ಬಂದಾಗಲೆಲ್ಲ ಅವರ ಫೋನಿನ ಚಾರ್ಜು ಮುಗಿಯುವ ಹೊತ್ತಾಗಿರುತ್ತದೆ.

ಇದು ನಮ್ಮಿಬ್ಬರ ನಡುವೆ ಮುಗಿದಿದ್ದರೆ ಇಲ್ಲಿ ಬರೆಯುವ ಪ್ರಮೇಯವಿರಲಿಲ್ಲ. ಹಾಲ್‌ನಲ್ಲಿ ಧಾರಾವಾಹಿ ನೋಡುತ್ತಿದ್ದ ಅತ್ತೆಯ ಕಿವಿ ಮಾತ್ರ ಅಡುಗೆಮನೆಯಲ್ಲಿತ್ತು.

"ಏನ್ಲಾ ವೇಣು, ಇಂಗ್ಲೀಸ್‌ನೋರೂ ಅಂಗೇ ಅಂತಾರಾ ಎಡಗೈನ?"

"ಹೌದಮ್ಮ, ಶಬ್ದದಲ್ಲೇ ಇದೆ."

"ಅದೇ ಮತ್ತೆ. ನೆಲದೊಳ್ಗೆ ಅಷ್ಟು ಆಳುದಾಗೆ ಚಿನ್ನ ಐತೆ ಅಂತ ಕಂಡಿಡ್ದೋರಿಗೆ, ಕಣ್ಮುಂದಿರೋ ಕೈ ಎಂತದ್ದು ಅಂತ ಗೊತ್ತಿರಲ್ವಾ?"

ಬೇರೆ ಊರಿನಲ್ಲಿ ಇಂಗ್ಲಿಷ್ ಬರೀ ಒಂದು ಭಾಷೆ. ನಮ್ಮ ಊರಿನಲ್ಲಿ ಅದು ಗಣಿ ತೋಡಿದವರ ಭಾಷೆ. ಅತ್ತೆ ಅದುವರೆಗೆ ನನ್ನ ಕೈಯನ್ನು ಬೈಯುತ್ತಿದ್ದರು, ಅಷ್ಟೇ. ಈಗ ಅವರಿಗೆ ಆಧಾರ ಸಿಕ್ಕಿತು. ಮತ್ತು ಆಧಾರ ಸಿಕ್ಕಿದವರು ಬೈದು ಸುಮ್ಮನಾಗುವುದಿಲ್ಲ, ತಿದ್ದಲು ಹೊರಡುತ್ತಾರೆ.

ನನ್ನನ್ನು ತಿದ್ದಲು ಹೊರಟಿದ್ದರೆ ನಾನು ನೋಡಿಕೊಳ್ಳುತ್ತಿದ್ದೆ. ಅವರ ಕಣ್ಣು ಬಿದ್ದಿದ್ದು ಅಕ್ಷರಾ ಮೇಲೆ.

ಅಕ್ಷರಾ ನಮ್ಮ ಮಗಳು, ಎರಡನೇ ಕ್ಲಾಸು. ಊಟ ಬಲಗೈಯಲ್ಲೇ ಮಾಡುತ್ತಾಳೆ, ಅಷ್ಟನ್ನು ನಾನೇ ಕಲಿಸಿದ್ದೆ. ಬರೆಯುವುದು, ಚಿತ್ರ ಬಿಡಿಸುವುದು, ಚೆಂಡೆಸೆಯುವುದು, ಸಿಟ್ಟು ಬಂದಾಗ ಬಾಗಿಲು ತಳ್ಳುವುದು, ಎಲ್ಲ ನನ್ನಂತೆ. ಕ್ರೆಯಾನ್ ಕೈಗೆ ಸಿಕ್ಕಿದರೆ ಗೋಡೆ ಖಾಲಿ ಬಿಡುವವಳಲ್ಲ. ಮರುದಿನ ಸಂಜೆ ಸ್ಕೂಲಿನಿಂದ ಬಂದವಳ ಎಡಗೈಗೆ ಅತ್ತೆ ಕರ್ಚೀಫು ಸುತ್ತಿ, ಬೆರಳುಗಳೆಲ್ಲ ಒಳಗಾಗುವಂತೆ ಮಾಡಿ, ಅವಳದೇ ಜಡೆಯ ಕೆಂಪು ರಿಬ್ಬನ್ನಿನಿಂದ ಕಟ್ಟಿ ಕೂರಿಸಿದರು. ರಿಬ್ಬನ್ನಿನ ಗಂಟು ಹೂವಿನಂತೆ ಚೆನ್ನಾಗಿಯೇ ಬಂದಿತ್ತು.

"ಅತ್ತೆ, ಮಗು ಕೈ ಯಾಕೆ ಕಟ್ಟಿದ್ದೀರಿ?"

"ನಾಳೆ ಕೊಟ್ಟ ಮನ್ಯಾಗೆ ನೆಂಟ್ರಿಗೆ ಎಡಗೈಲಿ ನೀರು ಕೊಟ್ರೆ ನನ್ನ ಮಕಕ್ಕೆ ಉಗೀತಾರೆ. ಚಿಕ್ಕದ್ರಾಗೇ ತಿದ್ಬೇಕು. ನಿನ್ನ ನಿಮ್ಮಮ್ಮ ತಿದ್ಲಿಲ್ಲ, ನೋಡೀಗ."

"ನನ್ನಿಂದ ಏನು ಕೆಟ್ಟಿದೆ ಈ ಮನೇಲಿ?"

"ಕೆಟ್ಟೈತೆ ಅಂದ್ನಾ? ಕೈ ಎಡುದು ಅಂದೆ."

ಇಲ್ಲಿ ಓದುಗರಿಗೆ ಒಂದು ವಿಷಯ ಹೇಳಬೇಕು. ಈ ಮನೆಯ ಕಾನೂನಿನಲ್ಲಿ ನನ್ನ ಎಡಗೈಗೆ ಬಚ್ಚಲು ತಿಕ್ಕಲು ಅನುಮತಿಯಿದೆ. ಪಾತ್ರೆ ತೊಳೆಯಲು, ನೆಲ ಒರೆಸಲು, ಮಗುವಿನ ಅಂಡು ತೊಳೆಯಲು, ನೀರು ಬಿಡುವ ದಿನ ಬಿಂದಿಗೆ ಹೊರಲು, ಬಟ್ಟೆ ಹಿಂಡಲು, ಹಿಟ್ಟು ನಾದಲು, ಮುದ್ದೆ ತಿರುವಲು ಯಾವತ್ತೂ ಯಾರೂ ಆಕ್ಷೇಪಣೆ ಎತ್ತಿಲ್ಲ. ನೆಂಟರ ತಟ್ಟೆಗೆ ಆ ಮುದ್ದೆಯನ್ನು ಇಡುವ ಕೊನೆಯ ಗಳಿಗೆಯಲ್ಲಿ ಮಾತ್ರ ಬಲಗೈ ಬೇಕು. ಅಂದರೆ ದುಡಿಯುವುದು ಎಡಗೈ, ಸನ್ಮಾನಕ್ಕೆ ವೇದಿಕೆ ಹತ್ತುವುದು ಬಲಗೈ. (ಇಂಥದ್ದನ್ನು ನಾನು ಕೈಗಳ ವಿಷಯದಲ್ಲಷ್ಟೇ ಅಲ್ಲ, ಬೇರೆ ಕಡೆಯೂ ನೋಡಿದ್ದೇನೆ. ಹೆಸರು ಬೇಡ, ಕುರ್ಚಿ ಹಾಕಿಕೊಂಡು ಕೂತಿದ್ದಾರೆ.)

ಅಕ್ಷರಾ ಮೊದಲೆರಡು ದಿನ ಅತ್ತಳು. ಬಲಗೈಯಲ್ಲಿ ಬರೆದ 'ಅ' ನೆಲಕ್ಕೆ ಬಿದ್ದ ಜಿಲೇಬಿಯಂತಿತ್ತು. ಆಟೋದ ಚಿತ್ರ ಬಿಡಿಸಿದರೆ ಚಕ್ರಗಳು ಚೌಕವಾದವು. ಆಮೇಲೆ ಅಳುವುದನ್ನು ಬಿಟ್ಟಳು. ಚಿತ್ರ ಬಿಡಿಸುವುದನ್ನೂ ಬಿಟ್ಟಳು. ಒಂದು ಬೆಳಿಗ್ಗೆ ಕಸ ಗುಡಿಸುವಾಗ ಮಂಚದ ಕೆಳಗೆ, ಗೋಡೆಗೆ ಒತ್ತಿಕೊಂಡು ಕ್ರೆಯಾನ್ ಡಬ್ಬಿ ಸಿಕ್ಕಿತು. ಉರುಳಿ ಹೋಗಿದ್ದಲ್ಲ, ಜೋಡಿಸಿ ಇಟ್ಟಿದ್ದು.

ನಮ್ಮವರಿಗೆ ತೋರಿಸಿದೆ. "ಸ್ವಲ್ಪ ದಿನ ಕಷ್ಟ ಆಗುತ್ತೆ, ಆಮೇಲೆ ರೂಢಿಯಾಗುತ್ತೆ," ಅಂದರು. "ಇದು ಬರೀ ಅಮ್ಮನ ಮಾತಲ್ಲ ಶಶಿ. ಪ್ರಪಂಚವೇ ಬಲಗೈಯವರದ್ದು. ಭಾಷೆಗಳೇ ಹೇಳ್ತಿವೆ."

ಆ ಗಳಿಗೆಯಲ್ಲೇ ನನಗೆ ಆ ದಿವ್ಯ ಉಪಾಯ ಹೊಳೆದದ್ದು.

ಮರುದಿನ ಬೆಳಿಗ್ಗೆ ನನ್ನ ಎಡಗೈ ಮಣಿಕಟ್ಟಿಗೂ ಒಂದು ರಿಬ್ಬನ್ ಕಟ್ಟಿಕೊಂಡು ಅತ್ತೆಯ ಮುಂದೆ ನಿಂತೆ.

"ಇದೇನಮ್ಮಿ?"

"ನೀವು ಹೇಳಿದ್ದು ಸರಿ ಅನ್ನಿಸ್ತು ಅತ್ತೆ. ಮಗುವನ್ನ ತಿದ್ದೋಕೆ ಮುಂಚೆ ತಾಯಿ ತಿದ್ಕೋಬೇಕು. ಇನ್ಮೇಲೆ ಎಲ್ಲಾ ಕೆಲಸ ಬಲಗೈಯಲ್ಲೇ."

ನನ್ನ ಲೆಕ್ಕ ಸರಳವಾಗಿತ್ತು. ಬಲಗೈಯಲ್ಲಿ ನನಗೆ ಊಟ ಮಾಡಲು ಮತ್ತು ಕುಂಕುಮ ಕೊಡಲು ಬಿಟ್ಟರೆ ಇನ್ನೇನೂ ಬಾರದು. ಎರಡು ಹೊತ್ತಿನ ಊಟದಲ್ಲಿ ಈ ಮನೆ ಮಂಡಿಯೂರುತ್ತದೆ. ಮೂರನೆಯ ಹೊತ್ತಿಗೆ ಅತ್ತೆಯೇ ಬಂದು ಎರಡೂ ರಿಬ್ಬನ್ ಬಿಚ್ಚುತ್ತಾರೆ.

ಅಡುಗೆಯೇನೋ ನನ್ನ ನಿರೀಕ್ಷೆಗಿಂತ ಚೆನ್ನಾಗಿ ಕೆಟ್ಟಿತು. ಹೆಚ್ಚಿದ ಬೀನ್ಸು ಬೆಂಕಿಕಡ್ಡಿಯಿಂದ ಸೌದೆಯವರೆಗೆ ಎಲ್ಲ ಅಳತೆಯಲ್ಲೂ ಇತ್ತು. ಕಾಫಿ ಸೋಸಿದರೆ ಅರ್ಧ ಲೋಟಕ್ಕೆ, ಅರ್ಧ ಒಲೆಗೆ. ಮುದ್ದೆಯಲ್ಲಿ ಗಂಟಿತ್ತು ಅಂದರೆ ಸುಳ್ಳಾಗುತ್ತದೆ. ಗಂಟುಗಳ ನಡುವೆ ಅಲ್ಲಲ್ಲಿ ಮುದ್ದೆಯಿತ್ತು. ಮುದ್ದೆಯನ್ನು ನುಂಗಬೇಕೇ ಹೊರತು ಅಗಿಯಬಾರದು ಎಂದು ಊರಿಗೆಲ್ಲ ಪಾಠ ಹೇಳುವ ನಮ್ಮ ಅತ್ತೆ, ಅವತ್ತು ಮೊದಲ ಸಲ ಕೂತು ಅಗಿದರು. ನಾನು ಬಾಗಿಲ ಸಂದಿಯಿಂದ ಆ ದವಡೆಗಳ ಏರಿಳಿತವನ್ನು ಕಣ್ತುಂಬ ನೋಡಿದೆ.

ಅಗಿದು ಮುಗಿಸಿ ಅತ್ತೆ ಹೇಳಿದರು: "ಪರವಾಗಿಲ್ಲ ಕಣಮ್ಮಿ. ಮೊದ್ಮೊದ್ಲು ಇಂಗೇ. ಕಲೀತೀಯ."

ಮದುವೆಯಾದಾಗಿನಿಂದ ಸಾರಿಗೆ ಉಪ್ಪು ಒಂದು ಹರಳು ಹೆಚ್ಚಾದರೆ ಬಂಗಾರಪೇಟೆಯಲ್ಲಿರುವ ಮಗಳಿಗೆ ಫೋನ್ ಮಾಡುವ ಹೆಂಗಸು. ನನಗೆ ಅವರು ಆಡಿದ ಮೊದಲ ಮೆಚ್ಚುಗೆಯ ಮಾತು ಅದು, ಅದೂ ನಾನು ಮಾಡಿದ ಅತಿ ಕೆಟ್ಟ ಅಡುಗೆಗೆ.

ನಮ್ಮವರು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಉಂಡರು. ರಾತ್ರಿಗೆ ಪರೋಟ ಪಾರ್ಸಲ್ ತಂದರು. "ನೀನೂ ಆರಾಮಾಗಿರು," ಎಂದು ದೊಡ್ಡ ಮನಸ್ಸು ಮಾಡಿದರು. ಆ ಪರೋಟಗಳ ಎಣ್ಣೆ ಹತ್ತಿದ ತಟ್ಟೆಗಳನ್ನು ನಾನು ಬಲಗೈಯಲ್ಲಿ ತೊಳೆಯುತ್ತ ನಿಂತಾಗ ಒಂದು ಸತ್ಯ ತಿಳಿಯಿತು. ಕಾರ್ಖಾನೆಯಲ್ಲಿ ಮುಷ್ಕರ ಹೂಡಿದರೆ ಕೆಲಸ ನಿಲ್ಲುತ್ತದೆ. ಅಡುಗೆಮನೆಯಲ್ಲಿ ಹೂಡಿದರೆ ಕೆಲಸ ಎರಡರಷ್ಟಾಗುತ್ತದೆ, ಮಾಡುವವಳು ಮಾತ್ರ ಅವಳೊಬ್ಬಳೇ.

ನೀರು ಬಿಟ್ಟ ದಿನ ನಲ್ಲಿಯ ಹತ್ತಿರ ಅಮ್ಮಾಜಮ್ಮ ನನ್ನ ರಿಬ್ಬನ್ ನೋಡಿದರು.

"ಏನಕ್ಕಾ, ಕೈಗೆ ಪೂಜೆ ಮಾಡಿಸಿದ್ರಾ?"

"ತಿದ್ದಿಕೊಳ್ತಾ ಇದ್ದೀನಿ."

ವಿಷಯ ಕೇಳಿ ಆಕೆ ಬಿಂದಿಗೆ ಕೆಳಗಿಟ್ಟರು. "ಪಾವಂ ಆ ಕೊಳಂದೆ, ಪಾಪ ಮಗು. ಅಲ್ಲಕ್ಕಾ, ಕಟ್ಟಲೇಬೇಕು ಅಂದ್ರೆ ಮಗು ಕೈ ಯಾಕೆ ಕಟ್ಟೋದು, ನಿಮ್ಮೆಜಮಾನ್ರ ಬಾಯಿ ಕಟ್ಟಿ. ಅಲ್ಲಿಂದ ತಾನೇ ಬಂದಿದ್ದು ಇದೆಲ್ಲಾ?"

ಆ ಸಲಹೆಯನ್ನು ಪಾಲಿಸಿದ್ದರೆ ಕಥೆ ಅಲ್ಲೇ ಸುಖಾಂತವಾಗುತ್ತಿತ್ತು. ಆದರೆ ನನಗೆ ಭಾನುವಾರದ ಮೇಲೆ ಆಸೆಯಿತ್ತು.

ಭಾನುವಾರ ಬಂಗಾರಪೇಟೆಯಿಂದ ನಮ್ಮವರ ಅಕ್ಕ ಗಂಗರತ್ನಮ್ಮ ಊಟಕ್ಕೆ ಬರುವುದಿತ್ತು. ಮನೆಯವರ ಮುಂದೆ ಅತ್ತೆ ಎಷ್ಟಾದರೂ ಸಹಿಸಿಕೊಳ್ಳಲಿ, ಮಗಳ ತಟ್ಟೆಯಲ್ಲಿ ಗಂಟಿನ ಮುದ್ದೆ ಬಿದ್ದರೆ ಸಹಿಸುತ್ತಾರೆಯೇ? 'ಇದೇನಮ್ಮ ಇದು' ಎಂದು ಅತ್ತಿಗೆ ಮುಖ ಸಿಂಡರಿಸಬೇಕು, ಅತ್ತೆ ನಾಚಬೇಕು, ಸಭೆಯಲ್ಲಿ ನಾನು ಸವಿನಯವಾಗಿ 'ಬಲಗೈ ಅತ್ತಿಗೆ, ಏನು ಮಾಡಲಿ' ಅನ್ನಬೇಕು. ಸಂಭಾಷಣೆ ಸಮೇತ ಎಲ್ಲ ಸಿದ್ಧವಾಗಿತ್ತು.

ಅತ್ತಿಗೆ ಬೆಳಗಿನ ಬಸ್ಸಿಗೇ ಬಂದು, ಸಹಾಯ ಮಾಡುತ್ತೇನೆಂದು ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತರು. (ಕೂತಿದ್ದೇ ಸಹಾಯ.) ನಾನು ಎಸರಿಗೆ ಹಿಟ್ಟು ಸುರಿದು, ಎಡಗೈಯಲ್ಲಿ ಪಾತ್ರೆಯ ಇಕ್ಕಳವನ್ನಷ್ಟೇ ಹಿಡಿದು, ಬಲಗೈಯಲ್ಲಿ ಮುದ್ದೆ ಕೋಲು ತೆಗೆದುಕೊಂಡು ಮನಸ್ಸಿನಲ್ಲೇ ಕೆಟ್ಟ ಮುದ್ದೆಯ ಧ್ಯಾನ ಮಾಡುತ್ತ ತಿರುವಿದೆ.

ತಿರುವುತ್ತಿರುವಾಗ ಏನೋ ತಪ್ಪಾಗುತ್ತಿದೆ ಅನ್ನಿಸಿತು. ಕೋಲು ಸಲೀಸಾಗಿ ತಿರುಗುತ್ತಿತ್ತು. ತಳ ಹಿಡಿಯಲಿಲ್ಲ. ಹಿಟ್ಟು ಪಾತ್ರೆಯ ಗೋಡೆ ಬಿಟ್ಟು ಒಂದಾಗಿ ಸುತ್ತತೊಡಗಿತು. ನಾನು ಕೋಲನ್ನು ಓರೆ ಹಿಡಿದೆ, ವೇಗ ಕಡಿಮೆ ಮಾಡಿದೆ, ಒಂದೆರಡು ಸಲ ಬೇಕೆಂದೇ ತಪ್ಪಿಸಿದೆ. ಆ ಕೈಗೆ ನಾನು ಲೆಕ್ಕಕ್ಕೇ ಇರಲಿಲ್ಲ. ವಾರವೆಲ್ಲ ಏಟು ತಿಂದು ಕಲಿತದ್ದನ್ನು ಅದು ಅವತ್ತೇ ಪ್ರದರ್ಶನಕ್ಕಿಟ್ಟಿತು. ಉಂಡೆ ಕಟ್ಟಿದರೆ ಒಂದೊಂದೂ ಕನ್ನಡಿ. ಮುಖ ನೋಡಿಕೊಂಡು ಬೈತಲೆ ತೆಗೆಯಬಹುದಿತ್ತು.

"ಅವ್ವಾ, ಬಾ ಇಲ್ಲಿ," ಎಂದು ಗಂಗರತ್ನಮ್ಮ ಕೂಗಿದರು. "ಶಶಿ ಬಲಗೈಯಾಗೆ ಎಂಗೆ ಮಾಡವ್ಳೆ ನೋಡು."

ಅತ್ತೆ ಬಂದು ನೋಡಿದರು. ನಮ್ಮವರೂ ಹೊಸ್ತಿಲಿನವರೆಗೆ ಬಂದು ನೋಡಿದರು.

"ನೋಡಿದ್ರಾ ಮತ್ತೆ," ಅತ್ತಿಗೆ ತೀರ್ಪು ಕೊಟ್ಟರು. "ಈ ವಯಸ್ನಾಗೆ ಇವ್ಳೇ ತಿದ್ಕೊಂಡ್ಳು. ಇನ್ನ ಆ ಮಗೀಗೆ ಏನು ಕಷ್ಟ? ಇನ್ನೊಂದು ಆರು ತಿಂಗ್ಳು ಬುಡ್ದೆ ಕಟ್ಟವ್ವ."

"ಅದನ್ನೇ ನಾನೂ ಹೇಳ್ತಿದ್ದೆ," ಅಂದರು ನಮ್ಮವರು.

ಉಂಡೆ ಹಿಡಿದ ಕೈ ಹಾಗೇ ನಿಂತಿತು. ಮಗಳ ಕೈ ಬಿಡಿಸಲೆಂದು ನಾನು ಹೂಡಿದ ಮೊಕದ್ದಮೆಯಲ್ಲಿ ನನ್ನದೇ ಬಲಗೈ ಎದುರು ಪಕ್ಷಕ್ಕೆ ಸಾಕ್ಷಿ ಹೇಳಿಬಿಟ್ಟಿತ್ತು. ಹಾಲ್‌ನ ಮೂಲೆಯಲ್ಲಿ ಅಕ್ಷರಾ ಕರ್ಚೀಫು ಸುತ್ತಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತಿದ್ದಳು. ಆರು ತಿಂಗಳು ಅನ್ನುವುದು ಅವಳಿಗೂ ಕೇಳಿಸಿತ್ತು. ಅವಳು ನನ್ನನ್ನು ನೋಡಿದ ರೀತಿಗೆ ನನಗೆ ಅಲ್ಲೇ ಮುದ್ದೆಯ ಪಾತ್ರೆಯೊಳಗೆ ಇಳಿದುಬಿಡುವಂತಾಯಿತು.

ಅಷ್ಟರಲ್ಲಿ ಅತ್ತಿಗೆಯ ಫೋನ್ ಬಡಿದುಕೊಂಡಿತು.

ನಮ್ಮ ಊರಿನ ಹೆಂಗಸರಿಗೆ ಆ ಫೋನು ಹೊಸದಲ್ಲ. ಹತ್ತಿರದಲ್ಲೇ ಕೋಟಿಲಿಂಗೇಶ್ವರ. ನೆಂಟರು ಎಲ್ಲಿಂದಲೋ ಬಂದು ಲಿಂಗಗಳನ್ನು ನೋಡುತ್ತಾರೆ, ನೋಡಿದಷ್ಟೂ ಹಸಿವಾಗುತ್ತದೆ, ಹಸಿವಾದ ಕೂಡಲೇ ಆಂಡರ್ಸನ್‌ಪೇಟೆಯಲ್ಲಿ ನಮ್ಮ ವೇಣು ಇದ್ದಾನಲ್ಲ ಎಂದು ನೆನಪಾಗುತ್ತದೆ. ಅತ್ತಿಗೆಯ ಗಂಡನ ಕಡೆಯವರು ಒಂದು ವ್ಯಾನ್ ತುಂಬ ಬಂದಿದ್ದರಂತೆ. ದರ್ಶನ ಮುಗಿಯಿತಂತೆ. ಹೊರಟಿದ್ದಾರಂತೆ.

"ಎಷ್ಟು ಜನ?" ಅತ್ತೆ ಕೇಳಿದರು.

"ವ್ಯಾನ್ ತುಂಬ ಅಂದ್ನಲ್ಲವ್ವ."

ಅತ್ತೆ ಮುದ್ದೆಯ ತಟ್ಟೆ ನೋಡಿದರು, ಸಾರಿನ ಪಾತ್ರೆ ನೋಡಿದರು, ನನ್ನನ್ನು ನೋಡಿದರು. ಮಗಳ ಕಡೆಯ ಬೀಗರು. ಅವರ ಮುಂದೆ ಎಸರು ಕಡಿಮೆಯಾಗುವುದು ಎಂದರೆ ಅತ್ತೆಯ ಲೋಕದಲ್ಲಿ ಭೂಮಿ ಬಾಯಿಬಿಟ್ಟಂತೆ. ನಾನು ಒಂದೇ ಕೈಯಲ್ಲಿ ಈರುಳ್ಳಿ ಸುಲಿಯಲು ಶುರುಮಾಡಿದೆ.

"ಏನಮ್ಮಿ, ಇಂಗೆ ಮಾಡ್ತಾ ಕುಂತ್ರೆ ಸಂಜೆ ಆಯ್ತದೆ. ಆ ಕೈನೂ ಆಕು."

"ಯಾವ ಕೈ ಅತ್ತೆ?"

"ಅದೇ. ಆ ಕೈ."

"ತಿದ್ದಿಕೊಳ್ತಾ ಇದೀನಲ್ಲ."

"ನಾಳೆ ತಿದ್ಕೊಳೀವಂತೆ ಬುಡು," ಎಂದು ಅತ್ತೆ ತಾವೇ ಬಂದು ಗಂಟನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ನನ್ನ ರಿಬ್ಬನ್ ಕಿತ್ತೆಸೆದರು.

ಆಮೇಲೆ ಆದದ್ದನ್ನು ನಾನು ಹೇಳಿದರೆ ಜಂಬವಾಗುತ್ತದೆ, ಆದರೂ ಹೇಳುತ್ತೇನೆ. ಅತ್ತಿಗೆಯ ಕೈಗೆ ಇಕ್ಕಳ ಕೊಟ್ಟು ಪಾತ್ರೆ ಹಿಡಿಸಿದೆ. ಎಡಗೈ ಒಂದು ಒಲೆಯ ಮೇಲೆ ಮುದ್ದೆ ತಿರುವಿತು. ಬಲಗೈ ಇನ್ನೊಂದು ಒಲೆಯಲ್ಲಿ ಒಗ್ಗರಣೆ ಹಾಕಿ, ಸಾರು ಕಲಕಿ, ಹಪ್ಪಳ ತಿರುಗಿಸಿತು. ವಾರವೆಲ್ಲ ರಜೆಯಲ್ಲಿದ್ದ ಎಡಗೈಗೆ ಹೊಸ ಹುರುಪು, ವಾರವೆಲ್ಲ ತರಬೇತಿ ಪಡೆದ ಬಲಗೈಗೆ ಹೊಸ ಜಂಬ. ಎರಡೂ ಪೈಪೋಟಿಗೆ ಬಿದ್ದವು. ನಡುವೆ ಇದ್ದ ನಾನು ಬರೀ ಎರಡು ಕೈಗಳನ್ನು ಹೊತ್ತು ನಿಂತ ಕಂಬ. ವ್ಯಾನು ಬಾಗಿಲಿಗೆ ಬರುವಷ್ಟರಲ್ಲಿ ತಟ್ಟೆಗಳಲ್ಲಿ ಹೊಗೆಯಾಡುತ್ತಿತ್ತು.

ಅತ್ತೆ ಬಾಗಿಲಲ್ಲಿ ನಿಂತು ನೋಡಿದ್ದು ನೋಡಿದ್ದೇ. ಅವಕಾಶ ಬಿಟ್ಟರೆ ಕೆಟ್ಟೆ ಅನ್ನಿಸಿತು.

"ಅತ್ತೆ, ನಮ್ಮಮ್ಮ ಚಿಕ್ಕಂದಿನಲ್ಲೇ ಈ ಕೈ ಕಟ್ಟಿಹಾಕಿದ್ದಿದ್ದರೆ ಇವತ್ತು ನಿಮ್ಮ ಬೀಗರ ಕಡೆಯವರು ಏನು ತಿಂತಿದ್ದರು?"

ಅತ್ತೆ ಹಾಲ್‌ಗೆ ಹೋಗಿ ಅಕ್ಷರಾಳನ್ನು ಹತ್ತಿರ ಕರೆದು, ರಿಬ್ಬನ್ ಬಿಚ್ಚಿ, ಕರ್ಚೀಫು ಕೊಡವಿ ಮಡಚಿದರು.

"ಅಜ್ಜಿ, ನಾಳೆ ಮತ್ತೆ ಕಟ್ತೀಯಾ?"

"ಇಲ್ಲ ಬುಡು. ಎಡಗೈನೂ ಇರ್ಲಿ, ಬಲಗೈ ನಿಧಾನುಕ್ಕೆ ಕಲೀಲಿ. ಕೊಟ್ಟ ಮನ್ಯಾಗೆ ಎರಡೂ ಬೇಕಾಯ್ತವೆ."

ಯಾಕೆ ಬೇಕಾಗುತ್ತದೆ ಎಂಬ ಅವರ ಕಾರಣ ನನಗೆ ಚೂರೂ ಹಿಡಿಸಲಿಲ್ಲ. ಆದರೆ ಕಾರಣದ ಜೊತೆ ಜಗಳ ಆಡುವ ಹೊತ್ತು ಅದಾಗಿರಲಿಲ್ಲ. ನೆಂಟರು ಕೈ ತೊಳೆದು ಹೋದ ಮೇಲೆ ನೋಡಿದರೆ ಅಕ್ಷರಾ ಮಂಚದ ಕೆಳಗೆ ಹೊಟ್ಟೆಯ ಮೇಲೆ ಮಲಗಿಕೊಂಡು ವ್ಯಾನಿನ ಚಿತ್ರ ಬಿಡಿಸುತ್ತಿದ್ದಳು. ಚಕ್ರಗಳು ದುಂಡಗಿದ್ದವು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಗೆದ್ದಂತೆ. ಆದರೆ ಗೆದ್ದವಳ ಮನೆಯಲ್ಲಿ ಮರುದಿನವೂ ಬೆಳಗಾಗುತ್ತದೆ.

ಮರುದಿನದಿಂದ ಅತ್ತೆಯ ಮಾತಿನಲ್ಲಿ 'ಅಂಗೇ' ಎಂಬ ಪದ ಸೇರಿಕೊಂಡಿತು. "ಆ ಕೈಯಾಗೆ ಸಾರು ತಿರುವ್ತಿದ್ದೀಯಲ್ಲ, ಅಂಗೇ ಈ ಕೈಯಾಗೆ ಆಲು ಕಾಯ್ಸು." "ಆ ಕೈಯಾಗೆ ಬಟ್ಟೆ ಎತ್ಕೊಂಡ್ಯಾ, ಅಂಗೇ ಈ ಕೈಯಾಗೆ ಬಕೆಟ್ಟು ತಾ." ಮುಂಚೆ ನಮ್ಮವರು ಕಾಫಿ ಕೇಳಿದರೆ 'ಕೈ ಖಾಲಿ ಇಲ್ಲ' ಅನ್ನುತ್ತಿದ್ದೆ. ಸಂಸಾರಸ್ಥ ಹೆಂಗಸಿಗೆ ಇರುವ ಒಂದೇ ಒಂದು ರಜೆ ಅದು, ಸಂಬಳವಿಲ್ಲದ್ದಾದರೂ ರಜೆ. ಈಗ ಹಾಗಂದರೆ ಮೂವರೂ ನನ್ನ ಇನ್ನೊಂದು ಕೈಯನ್ನು ನೋಡುತ್ತಾರೆ. ಬಂಗಾರಪೇಟೆಯ ಬೀಗರ ಕಡೆಯವರಿಗೂ ಕೋಟಿಲಿಂಗೇಶ್ವರನ ಮೇಲೆ ಭಕ್ತಿ ಹೆಚ್ಚಾಗಿದೆ ಎಂದು ಕೇಳುತ್ತೇನೆ.

ಒಂದು ಸಂಜೆ ನಮ್ಮವರು ಕುರ್ಚಿಯಲ್ಲಿ ಕೂತು ಸಂಭ್ರಮದಿಂದ ಹೇಳಿದರು: "ಶಶಿ, ನಿನಗೊಂದು ಪದ ಸಿಕ್ಕಿದೆ. ಆಂಬಿಡೆಕ್ಸ್ಟ್ರಸ್. ಎರಡೂ ಕೈಯಲ್ಲಿ ಕೆಲಸ ಬರೋರಿಗೆ ಹಾಗಂತಾರೆ."

ನನಗೆ ಸಂತೋಷವೇ ಆಯಿತು. ಮದುವೆಯಾದ ಮೇಲೆ ನನಗೆಂದೇ ಅವರು ತಂದ ಮೊದಲ ಪದ. "ಅದರ ಬೇರು?"

"ಆಂಬಿ ಅಂದ್ರೆ ಎರಡೂ. ಡೆಕ್ಸ್ಟರ್ ಅಂದ್ರೆ ಬಲ. ಎರಡೂ ಬಲಗೈ ಇರೋರು ಅಂತ."

"ನನ್ನ ಎಡಗೈ ಎಲ್ಲಿ ಹೋಯ್ತು?"

"ಅದಕ್ಕೆ ಬಡ್ತಿ ಸಿಕ್ತು ಅಂದ್ಕೋ."

ಆ ಹೊತ್ತಿಗೆ ಎಡಗೈಯಲ್ಲಿ ಮುದ್ದೆ ಕೋಲಿತ್ತು, ಬಲಗೈಯಲ್ಲಿ ಸೌಟಿತ್ತು. ಎರಡನ್ನೂ ಬೇರೆ ಕೆಲಸಕ್ಕೆ ಬಳಸುವ ಮನಸ್ಸಾಯಿತು. ನಾಲಿಗೆಯೊಂದು ಖಾಲಿಯಿತ್ತು, ಅದನ್ನೇ ಬಳಸಿದೆ.

"ಹಾಗಾದ್ರೆ ದೇವರು ಎರಡು ಕೈ ಕೊಟ್ಟಿದ್ರೂ ಒಂದರಲ್ಲೂ ಒಂದು ಕೆಲಸ ಬಾರದೋರಿಗೆ ಏನಂತಾರೆ? ನಿಮ್ಮ ಇಂಗ್ಲಿಷಲ್ಲಿ ಅವರಿಗೂ ಒಂದು ಪದ ಹುಡುಕಿ ನೋಡೋಣ."

ಮಾತು ನಾಟಲಿ ಎಂದು ಹೇಳಿದೆ. ಅವರು ನಿಜವಾಗಿಯೂ ಹುಡುಕಿದರು. ನಾನು ಒಂದು ಉಂಡೆ ಕಟ್ಟುವಷ್ಟರಲ್ಲಿ ಅವರ ಮುಖ ಅರಳಿತು.

"ಇದೆ ಕಣೇ. ಆಂಬಿಸಿನಿಸ್ಟರ್. ಎರಡೂ ಎಡಗೈ ಇರೋರು ಅಂತ. ಯಾವ ಕೈಯಲ್ಲೂ ಕೆಲಸ ಒಗ್ಗದೋರು."

ಫೋನನ್ನು ತೊಡೆಯ ಮೇಲಿಟ್ಟು ತಮ್ಮ ಎರಡೂ ಅಂಗೈಗಳನ್ನು ಬಿಡಿಸಿ ಹಿಡಿದು, ಯಾವುದೋ ಹಳೆಯ ಕಾಯಿಲೆಗೆ ಕೊನೆಗೂ ಹೆಸರು ಸಿಕ್ಕಿದವರಂತೆ ನೋಡಿಕೊಂಡರು.

"ಅದಕ್ಕೇ ನೋಡು, ಅವತ್ತು ಲೋಟ ತೊಳೆದಾಗ ಒಡೆದಿದ್ದು. ಹಾಲು ನೋಡ್ಕೊಳ್ಳಿ ಅಂದಾಗ ಉಕ್ಕಿದ್ದು. ನಾನು ಸೋಮಾರಿ ಅಂತ ನೀನು ಇಷ್ಟು ದಿನ ತಪ್ಪು ತಿಳ್ಕೊಂಡಿದ್ದೆ."

"ಏನ್ಲಾ ಅದು?" ಹಾಲ್‌ನಿಂದ ಅತ್ತೆ ಬಂದರು.

"ನನಗೆ ಎರಡೂ ಎಡಗೈ ಅಂತಮ್ಮ. ಇಂಗ್ಲಿಷಲ್ಲಿ ಇದೆ."

ಅತ್ತೆ ಮಗನ ಕೈಗಳನ್ನು ಹಿಡಿದು ನೋಡಿದರು. ಅವರ ಕಣ್ಣು ಒದ್ದೆಯಾಯಿತು.

"ಎರಡೂ ಎಡಗೈ ಅಂದ್ಮೇಲೆ ಎರಡಕ್ಕೂ ರಿಬ್ಬನ್ ಕಟ್ಟಿ ತಿದ್ದೋಣ ಅತ್ತೆ," ಅಂದೆ ನಾನು.

"ಈ ವಯಸ್ನಾಗೆ ಅವುನ್ನ ಏನಮ್ಮಿ ತಿದ್ದೋದು. ಪಾಪ, ಉಟ್ಟಿದ್ದೇ ಅಂಗೆ. ಇನ್ಮೇಲೆ ಅವುನ್ಗೆ ಒಲೆ ತಾವ ಏನೂ ಏಳ್ಬೇಡ."

ಹೀಗೆ ನಮ್ಮ ಮನೆಯಲ್ಲಿ ಕೊನೆಗೂ ಎಡಗೈಗೆ ಮರ್ಯಾದೆ ಬಂತು. ಈಗ ನೆಂಟರು ಬಂದಾಗ ಅತ್ತೆ ದನಿ ತಗ್ಗಿಸಿ, ನಮ್ಮ ವೇಣುಗೆ ಎರಡೂ ಎಡಗೈ, ಇಂಗ್ಲೀಸ್‌ನೋರೇ ಬರ್ದವ್ರಂತೆ ಎಂದು ವಿವರಿಸುತ್ತಾರೆ. ಬಂದವರು ಅಯ್ಯೋ ಪಾಪ ಅನ್ನುತ್ತಾ ನಮ್ಮವರು ಕುಡಿದಿಟ್ಟ ಕಾಫಿ ಲೋಟವನ್ನು ತಾವೇ ಎತ್ತಿ ತಂದು ನನ್ನ ಕೈಗೆ ಕೊಡುತ್ತಾರೆ. ಯಾವ ಕೈಗೆ ಎಂದು ಯಾರೂ ನೋಡುವುದಿಲ್ಲ.